ಭರತನಾಟ್ಯದವರು ಕಳರಿ ಕಲಿತ್ರೆ ಲಾಸ್ಯ ಹೋಗುತ್ತಾ? ನಮ್ಮ ಕಡೆ ಇಂಥ ಕಲೆ ಯಾವ್ದಿದೆ?

ತಟ್ಟಡವು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ ಪ್ಲೀಸ್. ನಾನು ಎಂಟನೇ ವಯಸ್ಸಿಂದ ಭರತನಾಟ್ಯ ಕಲೀತಿದೀನಿ, ಜೂನಿಯರ್ ಸೀನಿಯರ್ ಎರಡೂ ಆಗಿದೆ, ಈಗ ವಿದ್ವತ್ ಪರೀಕ್ಷೆಗೆ ತಯಾರಿ ನಡೀತಿದೆ. ಹೋದ್ ತಿಂಗಳು ಫ್ರೆಂಡ್ ಒಬ್ಳು ಕರೆದ್ಲು ಅಂತ ಕಳರಿಪಯಟ್ಟು, ಅಂದ್ರೆ ಕೇರಳದ ಯುದ್ಧಕಲೆ ಕಳರಿ, ಅದರ ಪ್ರದರ್ಶನ ನೋಡೋಕೆ ಹೋಗಿದ್ದೆ. ಅಲ್ಲಿ ನನಗಿಂತ ಗಿಡ್ಡ ಇರೋ ಹುಡುಗಿ ಒಬ್ಳು ಹೊಟ್ಟೆ ನೆಲಕ್ಕೆ ತಾಗುತ್ತೇನೋ ಅನ್ನೋಷ್ಟು ಕೆಳಗೆ ಹೋಗಿ, ಅಲ್ಲಿಂದ ಹಾಗೇ ಮೇಲಕ್ಕೆ ನೆಗೆದು, ಗಾಳೀಲಿ ತಿರುಗಿ ಇಳಿದ್ಲು. ಇಳಿದಾಗ ಸದ್ದೇ ಬರ್ಲಿಲ್ಲ. ಉರುಮಿ (ಬಳುಕೋ ಉದ್ದದ ಕತ್ತಿ), ಕತ್ತಿ ಎಲ್ಲಾ ಆಮೇಲೆ ಬಂತು, ಜನ ಅದಕ್ಕೆ ಚಪ್ಪಾಳೆ ಹೊಡೆದ್ರು, ನನ್ನ ತಲೇಲಿ ಕೂತಿದ್ದು ಮಾತ್ರ ಆ ಸದ್ದಿಲ್ಲದ ಪಾದ. ಹದಿನಾಲ್ಕು ವರ್ಷದಿಂದ ನನ್ನ ಪಾದಕ್ಕೆ ಗೊತ್ತಿರೋದು ನೆಲ ತಟ್ಟೋದೊಂದೇ.

ಅವತ್ತಿಂದ ಕಲೀಬೇಕು ಅಂತ ತುಂಬಾ ಆಸೆ ಆಗಿದೆ. ಕಾರ್ಯಕ್ರಮದ ಕೊನೇಲಿ ತಿಲ್ಲಾನ ಬರೋ ಹೊತ್ತಿಗೆ ನಂಗೆ ಉಸಿರು ಕಟ್ಟುತ್ತೆ, ಅದಕ್ಕೂ ಸಹಾಯ ಆಗ್ಬಹುದು ಅಂತ ಒಂದು ಲೆಕ್ಕ, ಬಲ ಮಂಡಿ ಬೇರೆ ಆಗಾಗ ನೋಯುತ್ತೆ. ಟೀಚರ್ ಹತ್ರ ಕೇಳಿದ್ದಕ್ಕೆ "ಮೈ ಗಡುಸಾಗುತ್ತೆ, ಲಾಸ್ಯ, ಆ ಮೃದುವಾದ ಬಳುಕು, ಹೋಗುತ್ತೆ, ಆಮೇಲೆ ಶೃಂಗಾರದ ಜಾವಳಿಗೆ ನಿಂತ್ರೂ ಕುಸ್ತಿಗೆ ನಿಂತ ಹಾಗೆ ಕಾಣುತ್ತೆ" ಅಂದ್ಬಿಟ್ರು. ಅವರ ಮೇಲೆ ನನಗೆ ತುಂಬಾ ಗೌರವ ಇದೆ, ಅದಕ್ಕೇ ಮನಸ್ಸು ಡೋಲಾಯಮಾನ ಆಗಿರೋದು. ಎರಡೂ ಮಾಡಿದವರು ಯಾರಾದ್ರೂ ಇದ್ರೆ ಹೇಳಿ, ನಿಜವಾಗ್ಲೂ ಹಾಗಾಗುತ್ತಾ? ಆಮೇಲೆ ಕೇರಳಕ್ಕೆ ಕಳರಿ ಇದೆ, ತಮಿಳುನಾಡಿಗೆ ಸಿಲಂಬಂ ಇದೆ, ನಮ್ಮ ಕರ್ನಾಟಕದಲ್ಲಿ ಕುಣಿತಕ್ಕೂ ಕಾಳಗಕ್ಕೂ ನಂಟಿರೋ ಕಲೆ ಏನೂ ಇಲ್ವಾ? ಆ ಪ್ರದರ್ಶನದಲ್ಲಿ ಮೈಕ್ ಹಿಡಿದವರು ಭರತನಾಟ್ಯ ಹುಟ್ಟಿದ್ದೇ ಕಳರಿಯಿಂದ ಅಂದ್ರು, ಅದು ಹೌದಾ ಅಂತಾನೂ ಗೊತ್ತಿರೋರು ಹೇಳಿ.

ವಾಯ್ತಾರಿ:

ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೇ ದಿನ ನೆನಪಾಯ್ತು. ಹತ್ತು ವರ್ಷ ಭರತನಾಟ್ಯ ಮಾಡಿ ಆಮೇಲೆ ಕಳರಿಗೆ ಸೇರಿದವಳು ನಾನು, ಬೆಂಗಳೂರಲ್ಲೇ, ವಡಕ್ಕನ್ ಅಂದ್ರೆ ಉತ್ತರದ ಪದ್ಧತಿ, ಈಗ ಆರು ವರ್ಷ ಆಯ್ತು.

ಮೊದಲು ಕಷ್ಟದ ಮಾತೇ ಹೇಳ್ತೀನಿ. ಮೊದಲ ಐದಾರು ತಿಂಗಳು ನಿಮ್ಮ ಟೀಚರ್ ಹೇಳಿದ್ದು ಸ್ವಲ್ಪ ನಿಜಾನೇ ಆಗುತ್ತೆ. ಅರೆಮಂಡೀಲಿ ಮಂಡಿ ಎರಡೂ ಪಕ್ಕಕ್ಕೆ ತೆರೆದು ಬೆನ್ನು ನೆಟ್ಟಗೆ ಇರ್ಬೇಕು ತಾನೇ, ಕಳರೀಲಿ ಅಶ್ವವಡಿವು, ಕುದುರೆ ನಿಲುವು, ಅಂದ್ರೆ ಒಂದು ಕಾಲು ಮುಂದೆ ಮಡಚಿ ಇನ್ನೊಂದು ಹಿಂದಕ್ಕೆ ಚಾಚಿ ಮೈಯೆಲ್ಲ ಮುಂದಕ್ಕೆ ಬಾಗಿರುತ್ತೆ, ಎದುರಾಳಿ ಕಡೆಗೆ ನುಗ್ಗೋಕೆ ಸಿದ್ಧ ಆಗಿರೋ ಹಾಗೆ. ದೇಹಕ್ಕೆ ಎರಡು ಭಾಷೆ ಒಟ್ಟಿಗೆ ಕಲಿಸಿದ ಹಾಗೆ ಆಗಿ ಆ ಐದಾರು ತಿಂಗಳು ಎರಡೂ ತೊದಲುತ್ತೆ. ನನ್ನ ಭುಜ ಬಿಗಿಯಾಗಿತ್ತು, ಡ್ಯಾನ್ಸ್ ಕ್ಲಾಸಲ್ಲಿ ದಿನಾ ಹೇಳಿಸ್ಕೊಳ್ತಿದ್ದೆ. ಆಮೇಲೆ ಒಂದಿನ ಗೊತ್ತಾಗದ ಹಾಗೆ ಎರಡೂ ಬೇರೆ ಬೇರೆ ಆಗ್ಬಿಡುತ್ತೆ, ಗೆಜ್ಜೆ ಕಟ್ಟಿದ ತಕ್ಷಣ ಮೈ ಒಂದು ಥರ, ಕಚ್ಚೆ ಕಟ್ಟಿದ ತಕ್ಷಣ ಇನ್ನೊಂದು ಥರ. ಲಾಸ್ಯ ಎಲ್ಲೂ ಹೋಗ್ಲಿಲ್ಲ, ಬದಲಿಗೆ ನಿಧಾನದ ಚಲನೆ ಮಾಡುವಾಗ ಸೊಂಟ ಮತ್ತು ಹೊಟ್ಟೆಯಿಂದ ಹಿಡಿತ ಬಂತು, ಮುಂಚೆ ನಾನು ಅದನ್ನ ಬರೀ ಕೈ ಮತ್ತು ಕತ್ತಲ್ಲಿ ಮಾಡ್ತಿದ್ದೆ.

ಕಳರಿ ಅಂದ್ರೆ ಅಲ್ಲಿ ಅಭ್ಯಾಸ ಮಾಡೋ ಜಾಗದ ಹೆಸರೇ. ಕೇರಳದ ಹಳೇ ಕುಳಿಕ್ಕಳರಿ ನೆಲ ಅಗೆದು ಮಾಡಿರ್ತಾರೆ, 42 ಅಡಿ ಉದ್ದ 21 ಅಡಿ ಅಗಲ, ನೈಋತ್ಯ ಮೂಲೇಲಿ ಏಳು ಮೆಟ್ಟಿಲಿನ ಪೂತ್ತರ, ಅಂದ್ರೆ ದೇವರ ಪೀಠ. ಬಲಗಾಲಿಟ್ಟು ಒಳಗೆ ಹೋಗಿ ನೆಲ ಮುಟ್ಟಿ ಹಣೆಗೆ ಒತ್ಕೋಬೇಕು, ನಾವು ಕ್ಲಾಸ್ ಶುರು ಆಗೋ ಮುಂಚೆ ಭೂಮಿಗೆ ನಮಸ್ಕಾರ ಮಾಡ್ತೀವಲ್ಲ ಅದೇ ಭಾವ. ಆಯುಧ ತಕ್ಷಣ ಕೊಡ್ತಾರೆ ಅಂದ್ಕೋಬೇಡಿ. ಮೊದಲು ಮೆಯ್ತಾರಿ, ಅಂದ್ರೆ ಬರೀ ಮೈ ಪಳಗಿಸೋದು. ಆಮೇಲೆ ಕೋಲ್ತಾರಿ, ಮರದ ಕೋಲು. ಅದಾದ್ಮೇಲೆ ಅಂಗತ್ತಾರಿ, ಕತ್ತಿ ಗುರಾಣಿ ಈಟಿ ಉರುಮಿ ಎಲ್ಲಾ. ಕೊನೇಲಿ ವೆರುಂಕೈ, ಬರಿಗೈ ಹೋರಾಟ, ಅಷ್ಟು ಹೊತ್ತಿಗೆ ಮರ್ಮ, ಅಂದ್ರೆ ಮೈಯಲ್ಲಿ ಪೆಟ್ಟು ಬಿದ್ರೆ ಅಪಾಯ ಆಗೋ ಜಾಗಗಳು, ಗೊತ್ತಿರ್ಬೇಕು.

ಇನ್ನೊಂದು ವಿಷಯ ನಿಮಗೆ ಇಷ್ಟ ಆಗುತ್ತೆ. ನಟ್ಟುವಾಂಗದಲ್ಲಿ, ಅಂದ್ರೆ ಗುರು ತಾಳ ತಟ್ಟಿ ನಡೆಸುವಾಗ, ಬಾಯಲ್ಲಿ ಹೇಳೋ ಸೊಲ್ಲುಕಟ್ಟು ಇರೋ ಹಾಗೆ ಇಲ್ಲಿ ವಾಯ್ತಾರಿ ಇದೆ, ಗುರುಕ್ಕಳು, ಕಳರಿ ಗುರುಗಳು, ಬಾಯಲ್ಲಿ ಹೇಳ್ತಾ ಹೋಗ್ತಾರೆ ಮೈ ಅದನ್ನ ಮಾಡ್ತಾ ಹೋಗ್ಬೇಕು. ಸೊಲ್ಲಿಗೆ ಅರ್ಥ ಇಲ್ಲ, ತಾಳ ಇದೆ. ವಾಯ್ತಾರಿಗೆ ಅರ್ಥ ಇದೆ, ಎಡಗಾಲು ಹಿಂದಕ್ಕಿಡು, ತಿರುಗು, ಕೂರು ಅಂತ, ಆದ್ರೆ ನಮ್ಮ ಥರ ಆದಿ ತಾಳ ರೂಪಕ ತಾಳ ಅಂತ ಕಟ್ಟುನಿಟ್ಟು ಇಲ್ಲ. ಕಣ್ಣೂ ಅಷ್ಟೇ. ನಾವು ಕೈ ಹೋದ ಕಡೆ ದೃಷ್ಟಿ ಅಂತ ಕಲಿತವರು. ಅಲ್ಲಿ ಕೈ ಎಲ್ಲಿಗಾದ್ರೂ ಹೋಗ್ಲಿ ಕಣ್ಣು ಎದುರಿಗಿರೋರ ಮೇಲಿಂದ ಕದಲಬಾರದು. ಮಲಯಾಳದಲ್ಲಿ ಕಳರಿಯವರು ಮೈ ಕಣ್ಣಾಗ್ಬೇಕು ಅಂತಾರೆ, ನಾವು ಕನ್ನಡದಲ್ಲೂ ಮೈಯೆಲ್ಲ ಕಣ್ಣಾಗಿರು ಅಂತೀವಿ, ಆ ಮಾತನ್ನ ನಾನು ಎಷ್ಟೋ ಸಲ ಸುಮ್ನೆ ಹೇಳಿದ್ದೆ, ಕಳರಿಗೆ ಹೋದ್ಮೇಲೆ ಅದೇನು ಅಂತ ಗೊತ್ತಾಗಿದ್ದು.

ನಿಮ್ಮ ಟೀಚರ್‌ಗೆ ಕೇರಳದ ವಡಕರದ ಕಳರಿ ಗುರು ಮೀನಾಕ್ಷಿ ಅಮ್ಮನ ವಿಷಯ ಹೇಳಿ. 2017ರಲ್ಲಿ ಪದ್ಮಶ್ರೀ ಬಂತು, ಎಪ್ಪತ್ತು ದಾಟಿದ್ಮೇಲೂ ಸೀರೆ ಉಟ್ಟು ಕತ್ತಿ ಹಿಡಿದು ಕಣಕ್ಕಿಳೀತಾರೆ. ಅವರನ್ನ ಏಳನೇ ವಯಸ್ಸಲ್ಲಿ ತಂದೆ ಕಳರಿಗೆ ಸೇರಿಸಿದ್ದು ನೃತ್ಯಕ್ಕೆ ಮೈ ಚೆನ್ನಾಗಿ ಬಗ್ಗಲಿ ಅಂತ.

ಹಳೇಮೈಸೂರು:

"ಜಾವಳಿಗೆ ನಿಂತ್ರೂ ಕುಸ್ತಿಗೆ ನಿಂತ ಹಾಗೆ" ಅನ್ನೋ ಮಾತು ಓದಿದ ತಕ್ಷಣ ಬರೀಲೇಬೇಕು ಅನ್ನಿಸ್ತು ಕಣಮ್ಮ. ಮೈಸೂರು ಶೈಲಿ ಭರತನಾಟ್ಯದಲ್ಲಿ ಅಭಿನಯ ಅಂದ್ರೆ ಮೊದಲು ಬರೋ ಹೆಸರು ಯಾರದ್ದು? ಜಟ್ಟಿ ತಾಯಮ್ಮ. 1857ರಲ್ಲಿ ಹುಟ್ಟಿ 1947ರಲ್ಲಿ ತೀರ್ಕೊಂಡವರು, ಪದ ಜಾವಳಿ ಅಷ್ಟಪದಿಗೆ ಅವರ ಮುಖದಲ್ಲಿ ಭಾವ ಅರಳೋದನ್ನ ನೋಡೋಕೆ ಜನ ಹುಡುಕಿಕೊಂಡು ಬರೋರಂತೆ. ಹೆಸರಿನ ಮುಂದೆ ಇರೋ ಆ ಜಟ್ಟಿ ಅಂದ್ರೇನು? ಕುಸ್ತಿಯವರು. ಅವರ ತಂದೆ ಜಟ್ಟಿ. ಮಟ್ಟಿ ಮಣ್ಣಿನ ವಾಸನೆ ಇರೋ ಮನೆಯಿಂದ ಬಂದ ಹೆಣ್ಣುಮಗಳು ಮೈಸೂರಿಗೆ ಲಾಸ್ಯ ಕಲಿಸಿದ್ದು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಲಂಬಾಣಿ ತಾಂಡಾದಿಂದ ಬಂದವರು, ಆಸ್ಥಾನ ವಿದುಷಿ ಆದ್ರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಿದ್ರು, 1992ರಲ್ಲಿ ಪದ್ಮಭೂಷಣ. ನಿಮ್ಮ ಟೀಚರ್ ಮೈಸೂರು ಶೈಲಿಯವರೇ ಆಗಿದ್ರೆ ಅವರ ಗುರುಪರಂಪರೆ ಹಿಡ್ಕೊಂಡು ಮೇಲಕ್ಕೆ ಹೋದ್ರೆ ಜಟ್ಟಿ ಮನೆಗೇ ಬಂದು ನಿಲ್ಲೋ ಸಾಧ್ಯತೆ ಇದೆ.

ಇನ್ನು ನಮ್ಮಲ್ಲಿ ಏನಿದೆ ಅಂದ್ರೆ, ವಜ್ರಮುಷ್ಟಿ ಕಾಳಗ ಇದೆ. ವಿಜಯದಶಮಿ ಬೆಳಿಗ್ಗೆ ಜಂಬೂಸವಾರಿಗೆ ಮುಂಚೆ ಅರಮನೆ ಒಳಗಿನ ಅಂಗಳದಲ್ಲಿ ಕೆಮ್ಮಣ್ಣು ಹಾಸಿ ಅಖಾಡ ಮಾಡ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸ್ಕೊಂಡು ಬಲಗೈ ಬೆರಳುಗಳಿಗೆ ಮುಳ್ಳುಮುಳ್ಳಾದ ವಜ್ರನಖ ಹಾಕ್ಕೊಂಡು ಎದುರುಬದುರು ನಿಲ್ತಾರೆ, ಯಾರದಾದ್ರೂ ತಲೆಯಿಂದ ಮೊದಲ ಹನಿ ರಕ್ತ ಬಂದ ತಕ್ಷಣ ಕಾಳಗ ಮುಗೀತು. ಕೆಲವೇ ಕ್ಷಣ ಅಷ್ಟೇ, ಆದ್ರೆ ಅದಕ್ಕೆ ಮುಂಚೆ ಅವರು ನಿಲ್ಲೋ ರೀತಿ ನೋಡ್ಬೇಕು, ಒಂದು ಕೈ ಮುಂದೆ ಒಂದು ಕೈ ಹಿಂದೆ, ಮಂಡಿ ಬಗ್ಗಿಸಿ ಪಾದ ಜಾರಿಸಿ ಜಾರಿಸಿ ಸುತ್ತೋದು. ನಮ್ಮಜ್ಜ ಹೇಳೋರು ಮೂಳೆ ಸರಿದ್ರೆ ಜಟ್ಟಿಗಳ ಹತ್ರಾನೇ ಹೋಗೋದಂತೆ, ಕೂಡಿಸಿ ಕಟ್ಟು ಕಟ್ಟೋದ್ರಲ್ಲಿ ಅವರದ್ದು ಎತ್ತಿದ ಕೈ. ಕೇರಳದಲ್ಲಿ ಗುರುಕ್ಕಳು ಎಣ್ಣೆ ತಿಕ್ಕಿ ಉಳಿಚ್ಚಿಲ್ ಮಾಡೋ ಹಾಗೇನೇ, ಪೆಟ್ಟು ಕೊಡೋ ಕೈಗೆ ವಾಸಿ ಮಾಡೋದೂ ಗೊತ್ತಿರ್ಬೇಕು.

ಕುಣಿತ ಅಂತ ಕೇಳಿದ್ರೆ ಬೀಸು ಕಂಸಾಳೆ ಒಂದ್ಸಲ ಹತ್ತಿರದಿಂದ ನೋಡಿ. ಮಲೆ ಮಹದೇಶ್ವರನ ದೇವರಗುಡ್ಡರು ಕಂಚಿನ ತಾಳವನ್ನ ದಾರದಲ್ಲಿ ಬೀಸಿ ಬೀಸಿ ಪಕ್ಕದವರ ಬಟ್ಟಲಿಗೆ ತಾಗಿಸ್ತಾ ಕೂತು ಮಲಗಿ ನೆಗೆದು ಕುಣೀತಾರೆ, ಒಂದು ಮಾತ್ರೆ ತಪ್ಪಿದ್ರೆ ಆ ತಾಳ ಪಕ್ಕದವನ ತಲೆಗೆ. ಅದನ್ನ ಯಾರೂ ಯುದ್ಧಕಲೆ ಅನ್ನಲ್ಲ, ದೇವರ ಸೇವೆ ಅಂತಾರೆ. ಆದ್ರೆ ಅದಕ್ಕೆ ಬೇಕಾದ ಎಚ್ಚರ ಕತ್ತಿವರಸೆಗಿಂತ ಒಂಚೂರೂ ಕಮ್ಮಿ ಅಲ್ಲ.

ಪಡುವಣಗಾಳಿ:

ಮೈಸೂರಿನವರು ಹೇಳಿದ್ದು ಓದಿ ಖುಷಿ ಆಯ್ತು, ನಮ್ಮ ಕರಾವಳಿಯದ್ದೂ ಸ್ವಲ್ಪ ಸೇರಿಸ್ತೇನೆ.

ನಮ್ಮಲ್ಲಿ ಪಿಲಿವೇಷ ಅಂದ್ರೆ ಹುಲಿವೇಷ ಉಂಟಲ್ಲ, ಮಾರ್ನೆಮಿಗೆ (ನವರಾತ್ರಿಗೆ) ಮಂಗಳೂರಲ್ಲಿ, ವಿಟ್ಲಪಿಂಡಿಗೆ ಉಡುಪಿಯಲ್ಲಿ. ಹೊರಗಿನವರು ಬಣ್ಣ ನೋಡ್ತಾರೆ, ತಾಸೆ ಪೆಟ್ಟಿಗೆ ಕುಣೀತಾರೆ, ಹೋಗ್ತಾರೆ. ಆದ್ರೆ ಒಳ್ಳೆ ತಂಡದ ಹುಲಿಯ ಹೆಜ್ಜೆ ನೋಡಿ, ಮರಿಹುಲಿಗೆ ಒಂದು ನಡೆ, ದೊಡ್ಡ ಹುಲಿಗೆ ಒಂದು ನಡೆ, ಹಿಂದಕ್ಕೆ ಪಲ್ಟಿ, ಕೈ ಮೇಲೆ ನಡೆಯುವುದು, ಕೊನೆಗೆ ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ತಲೆ ಮೇಲಿಂದ ಹಿಂದೆ ಎಸೆಯುವುದು. ಅದಕ್ಕೆ ಕತ್ತು, ದವಡೆ, ಸೊಂಟ ಎಷ್ಟು ಗಟ್ಟಿ ಬೇಕು ಅಂತ ಯೋಚನೆ ಮಾಡಿ. ಹಳೆ ತಂಡಗಳಲ್ಲಿ ತಾಲೀಮು ಮಾಡಿದವರೇ ಜಾಸ್ತಿ ಇದ್ದದ್ದು. ತಾಲೀಮು ಅಂದ್ರೆ ನಮ್ಮಲ್ಲಿ ಮೊಸರುಕುಡಿಕೆಗೆ, ನವರಾತ್ರಿಗೆ ರಸ್ತೆಯಲ್ಲೇ ಮಾಡ್ತಾರೆ, ದೊಣ್ಣೆ ತಿರುಗಿಸುವುದು, ಬೆಂಕಿ ಹಚ್ಚಿದ ಕೋಲು ತಿರುಗಿಸುವುದು, ಕತ್ತಿವರಸೆ ಎಲ್ಲ.

ಮತ್ತೆ ಗರಡಿ ಅಂತ ಒಂದು ಶಬ್ದ ಉಂಟು. ಘಟ್ಟದ ಮೇಲೆ ಗರಡಿಮನೆ ಅಂದ್ರೆ ಕುಸ್ತಿ ಕಲಿಯುವ ಜಾಗ. ತುಳುನಾಡಲ್ಲಿ ಗರಡಿ ಅಂದ್ರೆ ಕೋಟಿ ಚೆನ್ನಯರ ಗುಡಿ. ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಲ್ಲಿ ಮಡಿದ ಅವಳಿ ವೀರರು ಅವರು, ತುಳುವಿನ ಪಾಡ್ದನದ ಹಾಡಿನಲ್ಲಿ ಅವರ ಕಥೆ ಉಂಟು, ಇವತ್ತಿಗೂ ನೇಮದಲ್ಲಿ, ದೈವದ ಉತ್ಸವದಲ್ಲಿ, ದೈವ ಮೈಮೇಲೆ ಬರುವ ಪಾತ್ರಿಗಳು ಅವರ ಸುರಿಯ (ಕಠಾರಿ) ಹಿಡಿದು ಬರ್ತಾರೆ. ನನಗೆ ಗರಡಿಯ ಎದುರು ನಿಂತಾಗಲೆಲ್ಲ ಅದೇ ಅನಿಸುವುದು, ಗರಡಿ ಅಂತ ಹೆಸರಿದ್ದು ಒಳಗೆ ದೈವ ಇರುವುದು, ಆ ಪಾತ್ರಿಯ ಕಾಲಿನ ನಡೆಯಲ್ಲಿ ಹಳೆ ಅಭ್ಯಾಸ ಇನ್ನೂ ಉಸಿರಾಡ್ತಾ ಉಂಟು ಅಂತ.

ಯಕ್ಷಗಾನ ಮರೀಬೇಡಿ ಮಾರಾಯ್ರೆ. ತೆಂಕುತಿಟ್ಟಿನ ಧೀಂಗಿಣ ಅಂದ್ರೆ ಹಾರಿ ತಿರುಗುವುದು, ಬಡಗುತಿಟ್ಟಿನ ಮಂಡಿಕುಣಿತ ಅಂದ್ರೆ ಮಂಡಿಯೂರಿ ಗಿರಕಿ ಹೊಡೆಯುವುದು, ಎರಡೂ ದಮ್ಮಿನ ಪರೀಕ್ಷೆ. ಇಡೀ ರಾತ್ರಿ ಆಟ ಆಡಿ ಬೆಳಗಿನ ಜಾವ ಯುದ್ಧಕ್ಕೆ ಬಂದ ವೇಷ ಆ ಭಾರದ ಕಟ್ಟುವಸ್ತ್ರ ಕಿರೀಟ ಎಲ್ಲ ಹೊತ್ಕೊಂಡು ಗಿರಕಿ ಹೊಡೀತದೆ, ಮತ್ತೆ ನಿಂತು ಮಾತೂ ಆಡ್ಬೇಕು, ಏದುಸಿರು ಬಿಟ್ರೆ ಅರ್ಥ ಹೇಳ್ಲಿಕ್ಕೆ ಆಗುದಿಲ್ಲ. ನಿಮ್ಮ ತಿಲ್ಲಾನದ ಉಸಿರಿನ ಸಮಸ್ಯೆಗೆ ನಮ್ಮ ಯಕ್ಷಗಾನದ ಗುರುಗಳ ಹತ್ತಿರವೂ ಒಮ್ಮೆ ಮಾತಾಡಿ.

ಓಲೆಗರಿ:

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದೀನಿ, ಇದು ನಾನು ಬಹಳ ವರ್ಷದಿಂದ ಓದ್ತಿರೋ ವಿಷಯ.

ಭರತನಾಟ್ಯ ಕಳರಿಯಿಂದ ಹುಟ್ಟಿತು ಅನ್ನೋದು ತಪ್ಪು. ಇವತ್ತು ನೀವು ಮಾಡೋ ಅಲರಿಪ್ಪು, ಜತಿಸ್ವರ, ಶಬ್ದ, ವರ್ಣ, ತಿಲ್ಲಾನ ಅನ್ನೋ ಮಾರ್ಗಕ್ಕೆ ರೂಪ ಕೊಟ್ಟಿದ್ದು 19ನೇ ಶತಮಾನದ ಮೊದಲ ಭಾಗದಲ್ಲಿ ತಂಜಾವೂರಿನ ನಾಲ್ವರು ಸಹೋದರರು, ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಅವರಲ್ಲಿ ಚಿನ್ನಯ್ಯ ಮೈಸೂರು ಆಸ್ಥಾನಕ್ಕೂ ಬಂದಿದ್ರು, ವಡಿವೇಲು ತಿರುವಾಂಕೂರಿಗೆ ಹೋದ್ರು. ಆ ನೃತ್ಯವನ್ನ ಮೈಯಲ್ಲಿ ಹೊತ್ತು ಉಳಿಸಿದವರು ದೇವದಾಸಿಯರು, ಆಗ ಅದರ ಹೆಸರು ಸದಿರ್. ಅವರ ಹೆಸರನ್ನ ಅಳಿಸಿ ಎಲ್ಲಾ ಯೋಧರಿಂದ ಬಂತು ಅಂತ ಹೇಳೋದು ಆ ಹೆಣ್ಣುಮಕ್ಕಳಿಗೆ ಮಾಡೋ ಅನ್ಯಾಯ, ಇದನ್ನ ನಾನು ಗಟ್ಟಿಯಾಗಿ ಹೇಳ್ತೀನಿ. ಕಳರಿಯ ನೇರ ಮಗು ಅನ್ನಬಹುದಾದ್ದು ಕಥಕಳಿ. ಅದರ ಮೊದಲ ತಲೆಮಾರಿನ ನಟರು ಕಳರಿಯಲ್ಲಿ ಪಳಗಿದ ನಾಯರ್ ಯೋಧರು, ಇವತ್ತಿಗೂ ಕಥಕಳಿ ಹುಡುಗರಿಗೆ ಮಳೆಗಾಲದಲ್ಲಿ ಎಣ್ಣೆ ಹಚ್ಚಿ ಗುರು ಕಾಲಿನಿಂದ ತುಳಿದು ಉಳಿಚ್ಚಿಲ್ ಮಾಡ್ತಾರೆ. ಉತ್ತರ ಕೇರಳದ ದೈವದ ಕುಣಿತ ತೆಯ್ಯಂ ಕಟ್ಟೋರಲ್ಲೂ ಕಳರಿ ಕಲಿತವರು ಬಹಳ.

ಹಾಗಂತ ನೃತ್ಯಕ್ಕೂ ಕಾಳಗಕ್ಕೂ ಸಂಬಂಧಾನೇ ಇಲ್ಲ ಅಂತಲ್ಲ, ಅದು ಇನ್ನೂ ಹಳೇದು, ಇನ್ನೂ ಆಳದ್ದು. ನಾಟ್ಯಶಾಸ್ತ್ರದಲ್ಲಿ ಪುರುಷರಿಗೆ ಆರು ಸ್ಥಾನ ಹೇಳಿದೆ, ಅದರಲ್ಲಿ ಆಲೀಢ ಅಂದ್ರೆ ಬಲಗಾಲು ಮುಂದೆ ಚಾಚಿ ನಿಲ್ಲೋದು, ಪ್ರತ್ಯಾಲೀಢ ಅದರ ತಿರುವು. ಆಲೀಢದಲ್ಲಿ ಆಯುಧ ಹೂಡಿ ಪ್ರತ್ಯಾಲೀಢದಲ್ಲಿ ಬಿಡಬೇಕು ಅಂತಾನೂ ಅಲ್ಲೇ ಇದೆ. ಇದೇ ಎರಡು ಹೆಸರು ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ಬಿಲ್ಲುಗಾರರ ನಿಲುವುಗಳಾಗಿ ಬರುತ್ತೆ. ರಂಗದ ಮೇಲೆ ಆಯುಧ ಹಿಡಿಯೋಕೆ ಭಾರತ, ಸಾತ್ವತ, ವಾರ್ಷಗಣ್ಯ, ಕೈಶಿಕ ಅಂತ ನಾಲ್ಕು ನ್ಯಾಯ, ಅಂದ್ರೆ ವಿಧಾನ, ಹೇಳಿದಾರೆ. ನಟರು ಎಳ್ಳೆಣ್ಣೆ ಹಚ್ಚಿ ವ್ಯಾಯಾಮ ಮಾಡಬೇಕು ಅಂತಾನೂ ಹೇಳಿದಾರೆ. ಎರಡೂ ವಿದ್ಯೆ ಒಂದೇ ಊಟೆಯ ನೀರು ಕುಡಿದಿವೆ, ಒಂದು ಇನ್ನೊಂದರ ತಾಯಿ ಅಂತ ಅಲ್ಲ.

ಹಳೇ ನೃತ್ಯ ಗ್ರಂಥಗಳನ್ನ ಬರೆದವರು ಯಾರು ಅಂತ ನೋಡಿದ್ರೂ ಗೊತ್ತಾಗುತ್ತೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಾನೂ ಇದೆ, ನೃತ್ಯಾನೂ ಇದೆ, ಜಟ್ಟಿಗಳ ಊಟ ಅಭ್ಯಾಸ ಪಟ್ಟು ಎಲ್ಲಾ ಬರೆದ ಕೈಯೇ ಕರಣ, ಚಾರಿ ಅನ್ನೋ ನೃತ್ಯದ ಚಲನೆಗಳನ್ನೂ ಬರೆದಿದೆ. 13ನೇ ಶತಮಾನದಲ್ಲಿ ನೃತ್ತರತ್ನಾವಳಿ ಬರೆದ ಜಾಯಪ ಕಾಕತೀಯರ ಗಣಪತಿದೇವನ ಆನೆ ಪಡೆಯ ನಾಯಕ. ತೆಲಂಗಾಣದಲ್ಲಿ ಈಗ ನೋಡೋ ಪೇರಿಣಿ ಶಿವತಾಂಡವ ಅನ್ನೋ ವೀರ ನೃತ್ಯವನ್ನ ನಟರಾಜ ರಾಮಕೃಷ್ಣ ಅವರು 20ನೇ ಶತಮಾನದಲ್ಲಿ ಆ ಗ್ರಂಥ ಮತ್ತು ರಾಮಪ್ಪ ಗುಡಿಯ ಶಿಲ್ಪಗಳನ್ನ ಆಧಾರ ಇಟ್ಕೊಂಡು ಮತ್ತೆ ಕಟ್ಟಿದ್ದು. ಮತ್ತೆ ಕಟ್ಟಿದ್ದು ಅನ್ನೋದನ್ನ ಒಪ್ಕೊಂಡ್ರೆ ಅದರ ಬೆಲೆ ಕಮ್ಮಿ ಆಗಲ್ಲ. ಕಳರಿಯೂ ಹಾಗೇ, ಮಲಬಾರಿನ ಪಳಶ್ಶಿ ರಾಜನ ದಂಗೆ ಅಡಗಿಸಿದ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ಕೊಂಡ್ರು, ಮತ್ತೆ ಅದು ತಲೆ ಎತ್ತಿದ್ದು ಕಳೆದ ಶತಮಾನದಲ್ಲಿ. ಕಥಕಳಿ ಕಲಿಸೋ ಕೇರಳ ಕಲಾಮಂಡಲಂ ಶುರುವಾಗಿದ್ದು 1930, ಭರತನಾಟ್ಯ ಕಲಿಸೋ ಚೆನ್ನೈನ ಕಲಾಕ್ಷೇತ್ರ 1936. ಇವೆಲ್ಲ ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ಹೊಸ ಬಟ್ಟೆ ತೊಟ್ಟ ಕಲೆಗಳು.

ಎರಡನ್ನೂ ಗಂಭೀರವಾಗಿ ಒಂದೇ ವೇದಿಕೆಗೆ ತಂದವರಲ್ಲಿ ಚೆನ್ನೈನ ನೃತ್ಯ ಸಂಯೋಜಕಿ ಚಂದ್ರಲೇಖಾ ಮುಖ್ಯ, 1985ರ ಅವರ ‘ಆಂಗಿಕ’ ಅನ್ನೋ ನೃತ್ಯದಲ್ಲಿ ಭರತನಾಟ್ಯದವರ ಜೊತೆ ಕಳರಿಯವರೂ ಇದ್ರು. ಹಾಗಾಗಿ ನೀವು ಮೊದಲನೆಯವರೇನಲ್ಲ, ಧೈರ್ಯವಾಗಿ ಹೋಗಿ.

ಹೆಜ್ಜೆಮೇಳ:

ಅಕ್ಕಾರ, ನಮ್ಮ ಉತ್ತರ ಕರ್ನಾಟಕಾನೂ ಮರೀಬ್ಯಾಡ್ರಿ. ತಾಲೀಮು ಅಂದ್ರ ನಮ್ಮ ಕಡೆ ಗರಡಿಮನಿಗೇ ಹೇಳ್ತಾರ್ರಿ. ಪುರವಂತರು ವೀರಭದ್ರ ದೇವರ ಮುಂದ ಕತ್ತಿ ಹಿಡದು ಒಡಪು ಹೇಳ್ಕೋತ ಕುಣಿಯೂದು ನೋಡಿದ್ರ ಮೈ ಜುಂ ಅಂತೈತಿ, ಅದೇ ನಿಮ್ಮ ಹಳೇ ಮೈಸೂರು ಕಡೆ ವೀರಗಾಸೆ ಆಗೇತಿ. ಮೊಹರಮ್ಮಿಗೆ ಹೆಜ್ಜೆ ಮೇಳ ಹಾಕ್ತಾರ, ಹಿಂದೂ ಮುಸಲ್ಮಾನರು ಕೂಡೇ ಹೆಜ್ಜಿ ಹಾಕೂದು. ನಮ್ಮಪ್ಪ ಕುಸ್ತಿ ಆಡಾಂವ, ಹೆಜ್ಜೆ ಮೇಳದಾಗೂ ಮುಂದಿನ ಸಾಲಿನಾಗ ಇರ್ತಿದ್ದ. ಆಂವಗ ಅವು ಎರಡು ಬ್ಯಾರೆ ಬ್ಯಾರೆ ಅಂತ ಎಂದೂ ಅನಿಸಿದ್ದಿಲ್ಲ.

ಮಂದ್‌ಪಕ್ಕ:

ಕೊಡಗಿಂದ ಒಂದು ಸಣ್ಣ ಸೇರ್ಪಡೆ. ಸುಗ್ಗಿ ಹಬ್ಬ ಪುತ್ತರಿ ಸಮಯದಲ್ಲಿ ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟದ ಜೊತೆ ಪರೆಯಕಳಿ ಆಡ್ತಾರೆ, ಇಬ್ಬರು ಎದುರುಬದುರು, ಕೈಯಲ್ಲಿ ಬೆತ್ತ ಮತ್ತು ಗುರಾಣಿ, ಹೊಡೆತ ಮಂಡಿಯಿಂದ ಕೆಳಗೆ ಮಾತ್ರ. ವಾಲಗದ ಸದ್ದಿಗೆ ಕಾಲು ಎತ್ತಿ ಎತ್ತಿ ತಪ್ಪಿಸಿಕೊಳ್ಳೋದನ್ನ ದೂರದಿಂದ ನೋಡಿದ್ರೆ ಕುಣಿತಾನೇ ಅನ್ನಿಸುತ್ತೆ, ಹತ್ತಿರ ಬಂದ್ರೆ ಬೆತ್ತದ ಬರೆ ಕಾಣುತ್ತೆ. ಆಟ ಮುಗಿದ ಮೇಲೆ ಇಬ್ಬರೂ ತಬ್ಬಿಕೊಳ್ತಾರೆ.

ತಟ್ಟಡವು:

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಜಟ್ಟಿ ತಾಯಮ್ಮನವರ ಹೆಸರು ಥಿಯರಿ ಪರೀಕ್ಷೆಗೆ ಎಷ್ಟು ಸಲ ಬಾಯಿಪಾಠ ಮಾಡಿದೀನಿ, ಆ ಜಟ್ಟಿ ಅನ್ನೋದು ಏನು ಅಂತ ಒಂದಿನಾನೂ ಕೇಳಿರ್ಲಿಲ್ಲ! ನಿನ್ನೆ ಟೀಚರ್‌ಗೆ ಅದನ್ನೇ ಹೇಳಿದೆ, ವಾದ ಮಾಡೋ ಥರ ಅಲ್ಲ, ಸುಮ್ನೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಪರೀಕ್ಷೆ ಮುಗೀಲಿ, ಆಮೇಲೆ ಹೋಗು, ಆದ್ರೆ ನನ್ನ ಕ್ಲಾಸ್ ದಿನ ಅರೆಮಂಡಿ ಕೆಡಿಸ್ಕೊಂಡು ಬಂದ್ರೆ ಹೇಳ್ತೀನಿ" ಅಂದ್ರು. ಅವರು ಒಪ್ಪಿದ ಹಾಗೆ ಅಂತ ನಾನು ತಿಳ್ಕೊಂಡಿದೀನಿ. ವಾಯ್ತಾರಿ ಅಕ್ಕಾ, ಮಂಡಿ ನೋವಿನ ಬಗ್ಗೆ ನೀವು ಏನೂ ಹೇಳ್ಲಿಲ್ಲ, ಅದೊಂದು ಹೇಳಿ.

ವಾಯ್ತಾರಿ:

ಹೌದು, ಅದೇ ಮರ್ತೆ, ಸಾರಿ ಕಣೇ. ಮೊದಲು ಡಾಕ್ಟರ್‌ಗೋ ಫಿಸಿಯೋಗೋ ತೋರಿಸು, ನೋವು ಇಟ್ಕೊಂಡು ಕಳರಿಗೆ ಸೇರಬೇಡ. ಮೊದಲ ದಿನಾನೇ ಗುರುಕ್ಕಳಿಗೆ ಯಾವ ಮಂಡಿ, ಯಾವಾಗ ನೋಯುತ್ತೆ ಅಂತ ಬಿಡಿಸಿ ಹೇಳು, ಒಳ್ಳೆಯವರಾದ್ರೆ ಜಿಗಿತ ತಿಂಗಳುಗಟ್ಟಲೆ ಮಾಡಿಸಲ್ಲ, ಬರೀ ಕಾಲೆತ್ತು ಮತ್ತು ವಡಿವು ಮಾಡಿಸ್ತಾರೆ. ಡ್ಯಾನ್ಸ್ ಕ್ಲಾಸ್ ಇರೋ ದಿನ ಕಳರಿ ಬೇಡ, ಒಂದು ವರ್ಷ ಆದ್ರೂ. ವಡಿವುಗಳಲ್ಲಿ ಕೂರುವಾಗ ಮಂಡಿ ಪಾದದ ದಿಕ್ಕಿಗೇ ಇದೆಯಾ ನೋಡ್ಕೋ, ಅರೆಮಂಡೀಲಿ ನಮ್ಮಲ್ಲಿ ಎಷ್ಟೋ ಜನ ಪಾದ ಮಾತ್ರ ತೆರೆದು ಮಂಡಿ ಒಳಗೇ ಬಿಟ್ಟಿರ್ತೀವಿ, ನಿನ್ನ ನೋವು ಅಲ್ಲಿಂದಾನೇ ಶುರು ಆಗಿರಬಹುದು, ಅದನ್ನ ನಿಮ್ಮ ಟೀಚರ್ ಹತ್ರಾನೂ ತೋರಿಸ್ಕೋ.

ಆಮೇಲೆ ನೀನು ಕೇಳಿದ ಆ ಸದ್ದಿಲ್ಲದ ಪಾದ. ಅದು ಕಾಲಿಂದ ಬರಲ್ಲ, ಇಳಿಯುವಾಗ ಸೊಂಟ ಮೊದಲು ತಡೀಬೇಕು, ಪಾದ ಕೊನೇಲಿ ನೆಲ ಮುಟ್ಟೋದು. ನನಗೆ ಅದು ಬರೋಕೆ ಎರಡು ವರ್ಷ ಹಿಡೀತು. ಪರೀಕ್ಷೆ ಮುಗಿದ ಮೇಲೆ ಇಲ್ಲೇ ಬರೆದು ತಿಳಿಸು, ನಮ್ಮ ಕಳರಿಗೆ ಒಂದು ದಿನ ನೋಡೋಕೆ ಬರುವೆಯಂತೆ, ಬೆಳಿಗ್ಗೆ ಆರಕ್ಕೆ ಶುರು.